ಉಚಿತ ಕಾನೂನು ನೆರವು: ನನ್ನ ಕಡೆಯಿಂದ ನಾಲ್ಕು ಸ್ಟಾರ್

ಸಾಲ ತಗೊಂಡಿದ್ದು ಹಳೇ ಸಹೋದ್ಯೋಗಿ, ಜಾಮೀನು ಹಾಕಿದ್ದು ನಾನು. ಸಂಬಳ ಜಪ್ತಿ ಆದೇಶ ಹೆಡ್‌ಮಾಸ್ಟರ ಮೇಜಿಗೆ ಬಂದಾಗಲೇ ನನ್ನ ಮೇಲೆ ಏಕಪಕ್ಷೀಯ ಡಿಕ್ರಿ (ನಾನು ಹಾಜರಿಲ್ಲದೆ ಕೊಟ್ಟ ಕೋರ್ಟ್ ತೀರ್ಪು) ಆಗಿರೋದು ಗೊತ್ತಾಗಿದ್ದು.

ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋದೆ. 1987ರ ಕಾಯ್ದೆ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗ್ತಾರೆ. "ಸಂಬಳ ಬರೋರಿಗೆ ಯಾರು ಕೊಡ್ತಾರೆ" ಅಂತ ನಮ್ಮನೆಯವರು ನಕ್ಕಿದ್ದರು.

ಸಿಕ್ಕ ವಕೀಲೆ ಚಿಕ್ಕ ವಯಸ್ಸಿನವರು, ಕೆಲಸ ಮಾತ್ರ ಗಟ್ಟಿ. ನನ್ನ ಗೋಳು ಪೂರ್ತಿ ಕೇಳೋ ಮೊದಲೇ ಕೋರ್ಟ್ ಕಡತದ ದೃಢೀಕೃತ ನಕಲಿಗೆ ಅರ್ಜಿ ಹಾಕಿಸಿದರು. ಅದರಲ್ಲಿತ್ತು ನೋಡಿ: ನಾನು ಯಾವತ್ತೋ ಬಿಟ್ಟ ಬಾಡಿಗೆ ಮನೆ ಬಾಗಿಲಿಗೆ ಸಮನ್ಸ್ ಅಂಟಿಸಿ ಹೋಗಿದ್ದಾರೆ! ಹೊಸ ಮನೆಯ ಕರಾರುಪತ್ರ ಲಗತ್ತಿಸಿ ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) ಆದೇಶ 9, ನಿಯಮ 13ರಡಿ ಡಿಕ್ರಿ ರದ್ದತಿಗೆ ಅರ್ಜಿ ಹಾಕಿದರು. ಅದನ್ನು ಹಾಕಿದ ಮಾತ್ರಕ್ಕೆ ಸಂಬಳ ಹಿಡಿಯೋದು ನಿಲ್ಲಲ್ಲ, ತಡೆಯಾಜ್ಞೆಗೆ ಬೇರೆಯದೇ ಅರ್ಜಿ ಬೇಕು. ಸಮನ್ಸ್ ಸರಿಯಾಗಿ ಜಾರಿಯಾಗಿರದಿದ್ದರೆ ಡಿಕ್ರಿ ಗೊತ್ತಾದ ದಿನದಿಂದ 30 ದಿನ ಅವಕಾಶ. ಅದಕ್ಕೇ ಆದೇಶ ಶಾಲೆಗೆ ತಲುಪಿದ ತಾರೀಖನ್ನು ಹೆಡ್‌ಮಾಸ್ಟರ ಸಹಿ ಸಮೇತ ಬರೆಸಿಕೊಂಡೆವು.

"ಜಾರಿ ಸರಿಯಿಲ್ಲ ಅಂದರಷ್ಟೇ ಸಾಲದು ಮೇಡಂ, ವಿಚಾರಣೆ ದಿನ ನಿಮಗೆ ಬೇರೆ ದಾರಿಯಿಂದಲೂ ತಿಳಿದಿರಲಿಲ್ಲ ಅಂತ ಅಫಿಡವಿಟ್‌ನಲ್ಲಿ ಬರಬೇಕು" ಅಂದರು ವಕೀಲೆ. ಎದುರು ವಕೀಲರು ಹಿಡಿದಿದ್ದೂ ಅದನ್ನೇ.

ಒಂದು ಸ್ಟಾರ್ ಕಳೆದಿದ್ದು ಫೋನಿಗೆ. ಸಂಜೆ ಆರರೊಳಗೆ ಎತ್ತಿದ್ದೇ ಇಲ್ಲ.

ಡಿಕ್ರಿ ರದ್ದಾಗಿ ದಾವೆ ಮತ್ತೆ ಶುರುವಾಗಿದೆ. ಸಹೋದ್ಯೋಗಿ ಎಷ್ಟು ಕಟ್ಟಿದ್ದಾರೆ ಅನ್ನೋ ಲೆಕ್ಕವನ್ನು ಈಗ ಸಾಲ ಕೊಟ್ಟವರು ಕೋರ್ಟಿಗೆ ತರಬೇಕು.