ದಿನವಿಡೀ ನಿಂತು ಕೆಲಸ ಮಾಡುವವರಿಗೆ ಲೇಸ್ ಶೂ: 20 ತಿಂಗಳ ಬಳಕೆಯ ನಂತರ

ಬಳಸಿದ್ದು ಆಸ್ಪತ್ರೆಯ ವಾರ್ಡಿನಲ್ಲಿ, ಗ್ರಾನೈಟ್ ನೆಲದ ಮೇಲೆ. ದಿನಕ್ಕೆ 8 ಗಂಟೆ, ವಾರಕ್ಕೆ 6 ಪಾಳಿ. ಕಪ್ಪು ಚರ್ಮದ ಲೇಸ್ ಶೂ, ನಡುವೆ ಇವಿಎ ಎಂಬ ಹಗುರ ಪ್ಲಾಸ್ಟಿಕ್‌ನ ಫೋಮ್, ಕೆಳಗೆ ರಬ್ಬರ್ ಸೋಲ್, ಒಳಗೆ ಬಿಚ್ಚಿ ತೆಗೆಯಬಹುದಾದ ಇನ್‌ಸೋಲ್. ಇಂಥದ್ದನ್ನು ಹಲವು ಕಂಪನಿಗಳು ಮಾಡುತ್ತವೆ, ಹಾಗಾಗಿ ಬ್ರ್ಯಾಂಡ್ ಹೆಸರು ಬರೆಯುತ್ತಿಲ್ಲ. ನೋಡಬೇಕಾದದ್ದು ಶೂ ಯಾವುದರಿಂದ ಮಾಡಿದ್ದು, ಪಾದಕ್ಕೆ ಹೇಗೆ ಕೂರುತ್ತದೆ ಎಂಬುದನ್ನು.

ಅಂಗಡಿಯಲ್ಲಿ ಮೆತ್ತಗಿದ್ದರೆ ಸಾಕು ಎಂದುಕೊಳ್ಳುವುದೇ ಮೊದಲ ತಪ್ಪು. ಒತ್ತಿದ ಆಕಾರಕ್ಕೆ ತಗ್ಗಿ ನಿಧಾನವಾಗಿ ಮೇಲೇಳುವ ಮೆಮೊರಿ ಫೋಮ್ ಬಿಸಿಯಾದಷ್ಟೂ ಮೆದುವಾಗುತ್ತದೆ. ಹತ್ತು ನಿಮಿಷ ಹತ್ತಿಯ ಹಾಸಿಗೆಯಂತೆ ಹಿತವಾಗಿದ್ದದ್ದು ಪಾದದ ಕಾವಿಗೆ ಮಧ್ಯಾಹ್ನದ ಹೊತ್ತಿಗೆ ಚಪ್ಪಟೆಯಾಗಿ, ಹಿಮ್ಮಡಿ ನೇರವಾಗಿ ಗಟ್ಟಿ ನೆಲದ ಪೆಟ್ಟು ತಿನ್ನುತ್ತದೆ. ಹೆಬ್ಬೆರಳಿನಿಂದ ಒತ್ತಿದಾಗ ಸ್ವಲ್ಪವೇ ತಗ್ಗಿ, ಬಿಟ್ಟ ಕೂಡಲೇ ಮೇಲೇಳುವ ಫೋಮ್ ಒಳ್ಳೆಯದು. ಶೂವನ್ನು ಎರಡು ಕೈಯಲ್ಲಿ ಹಿಡಿದು ಬಗ್ಗಿಸಿ ನೋಡಿ: ಬೆರಳುಗಳ ಬುಡ ಬರುವ ಜಾಗದಲ್ಲಿ ಬಾಗಬೇಕು. ನಡುಮಧ್ಯೆ ಮಡಚಿಕೊಂಡರೆ ಅಂಗಾಲಿನ ಕಮಾನಿಗೆ ಅದರಿಂದ ಆಸರೆಯಿಲ್ಲ. ಹಿಮ್ಮಡಿಯ ಹಿಂಭಾಗವನ್ನು ಹಿಸುಕಿದಾಗ ಒಳಕ್ಕೆ ಕುಸಿಯಬಾರದು.

ಅಳತೆಯ ವಿಷಯದಲ್ಲಿ ಅವಸರ ಬೇಡ. ಸಂಜೆಗೆ ಪಾದ ಊದಿಕೊಂಡಿರುತ್ತದೆ, ಆಗಲೇ ಅಳೆಯಿರಿ, ಕೆಲಸಕ್ಕೆ ಹಾಕುವ ಸಾಕ್ಸ್ ಹಾಕಿಕೊಂಡೇ. ಹಾಳೆಯ ಮೇಲೆ ನಿಂತು, ಪೆನ್ಸಿಲನ್ನು ನೇರವಾಗಿ ಹಿಡಿದು ಎರಡೂ ಪಾದಗಳ ಸುತ್ತ ಗೆರೆ ಎಳೆಸಿಕೊಳ್ಳಿ. ಹಿಮ್ಮಡಿಯಿಂದ ಅತಿ ಉದ್ದದ ಬೆರಳಿನವರೆಗೆ ಅಳೆಯಬೇಕು. ಕೆಲವರಿಗೆ ಅದು ಹೆಬ್ಬೆರಳಲ್ಲ, ಪಕ್ಕದ್ದು. ಎರಡರಲ್ಲಿ ದೊಡ್ಡ ಪಾದದ ಅಳತೆ ಹಿಡಿದು, ಶೂ ಒಳಗೆ ಬೆರಳ ಮುಂದೆ ಸುಮಾರು 10 ಮಿ.ಮೀ. ಜಾಗ ಉಳಿಯುವಂತೆ ನೋಡಿ. ನಮ್ಮಲ್ಲಿ ಹೆಚ್ಚಾಗಿ ನಡೆಯುವ ಯುಕೆ ನಂಬರಿನಲ್ಲಿ ಒಂದು ಸೈಜ್ ಎಂದರೆ ಸುಮಾರು 8.5 ಮಿ.ಮೀ., ಯುರೋಪಿನ ನಂಬರಿನಲ್ಲಿ ಸುಮಾರು 6.7 ಮಿ.ಮೀ. ಇನ್ನು ಅಗಲ. ಇನ್‌ಸೋಲ್ ತೆಗೆದು ನೆಲಕ್ಕಿಟ್ಟು ಅದರ ಮೇಲೆ ನಿಲ್ಲಿ. ಕಿರುಬೆರಳು ಅಂಚಿನಿಂದ ಹೊರಗೆ ಚಾಚಿದರೆ ಆ ಶೂ ಬೇಡ, ಒಂದು ನಂಬರ್ ದೊಡ್ಡದನ್ನು ಕೊಂಡರೂ ಬೇಡ. ಉದ್ದ ಹೆಚ್ಚಾಗಿ ಹಿಮ್ಮಡಿ ಜಾರುತ್ತದೆ, ಬೊಬ್ಬೆ ಏಳುತ್ತದೆ, ಅಗಲದ ಬಿಗಿ ಮಾತ್ರ ಬಹುತೇಕ ಹಾಗೆಯೇ ಉಳಿಯುತ್ತದೆ. ಬೆರಳು ಒತ್ತಿ ಒತ್ತಿ ಆಣಿಯಾಗುವುದು ಇಂಥ ಶೂಗಳಿಂದಲೇ.

ಈ ಶೂವಿನಲ್ಲೂ ಹಿಮ್ಮಡಿ ತುಸು ಸಡಿಲವಿತ್ತು. ಮೇಲಿನ ಹೆಚ್ಚುವರಿ ರಂಧ್ರ ಬಳಸಿದ ಮೇಲೆ ಸರಿಹೋಯಿತು. ಲೇಸನ್ನು ಎಂದಿನಂತೆ ಹೆಣೆದು, ಕೊನೆಯ ರಂಧ್ರಕ್ಕೆ ಅದೇ ಬದಿಯ ಲೇಸನ್ನು ಹೊರಗಿನಿಂದ ಒಳಕ್ಕೆ ಹಾಕಿದರೆ ಎರಡೂ ಕಡೆ ಒಂದೊಂದು ಸಣ್ಣ ಕುಣಿಕೆ ಉಳಿಯುತ್ತದೆ. ಎಡದ ತುದಿಯನ್ನು ಬಲದ ಕುಣಿಕೆಯಲ್ಲಿ, ಬಲದ್ದನ್ನು ಎಡದ ಕುಣಿಕೆಯಲ್ಲಿ ತೂರಿಸಿ, ಹಿಂದಕ್ಕೆ ಕೆಳಮುಖವಾಗಿ ಎಳೆದು ಗಂಟು ಹಾಕಿ. ಪಾದದ ಮೇಲ್ಭಾಗ ಜುಮ್ಮೆನ್ನಲು ಶುರುವಾದರೆ ಎಳೆತ ಹೆಚ್ಚಾಯಿತೆಂದು ಅರ್ಥ.

ಫೋಮ್‌ನ ಆಯುಸ್ಸು ಕಣ್ಣಿಗೆ ಕಾಣುವುದಿಲ್ಲ. ಚರ್ಮ ಹೊಸದರಂತೆ ಹೊಳೆಯುತ್ತಿದ್ದರೂ ಇವಿಎಯ ಗಾಳಿಗುಳ್ಳೆಗಳು ಒಳಗೊಳಗೇ ಕುಸಿದಿರುತ್ತವೆ. ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿ: ಫೋಮ್‌ನ ಬದಿಯಲ್ಲಿ ಅಡ್ಡ ಸುಕ್ಕುಗಳು, ಶೂ ಒಂದು ಕಡೆಗೆ ವಾಲಿರುವುದು, ಇವು ಗುರುತು. ಇಲ್ಲಿ ಮೂಲ ಇನ್‌ಸೋಲ್ 7ನೇ ತಿಂಗಳಿಗೆ ಹಿಮ್ಮಡಿಯ ಕೆಳಗೆ ಗುಂಡಿಬಿದ್ದಿತ್ತು. ಬದಲಿಸಿದ್ದರಿಂದ ಶೂ ಮುಂದುವರಿಯಿತು. 14ನೇ ತಿಂಗಳಲ್ಲಿ ಸೋಲ್‌ನ ಹಿಮ್ಮಡಿಯ ಹೊರ ಅಂಚು ಸವೆಯಿತು. ಎರಡು ಜೊತೆ ಇಟ್ಟುಕೊಂಡು ದಿನ ಬಿಟ್ಟು ದಿನ ಹಾಕಿದ್ದರಿಂದಲೇ ಇಷ್ಟು ಬಾಳಿಕೆ. ಬಿಡುವು ಸಿಕ್ಕರೆ ಫೋಮ್ ಒಂದಿಷ್ಟು ಚೇತರಿಸಿಕೊಳ್ಳುತ್ತದೆ, ಒಳಗಿನ ಬೆವರೂ ಆರುತ್ತದೆ.

ಒದ್ದೆಯಾದರೆ ಇನ್‌ಸೋಲ್ ಹೊರತೆಗೆದು, ಒಳಗೆ ಪತ್ರಿಕೆಯ ಹಾಳೆ ತುರುಕಿ ಫ್ಯಾನ್ ಕೆಳಗಿಡಿ. ಬಿಸಿಲಿಗೆ ಬೇಡ. ಇಡೀ ಇವಿಎಯಿಂದಲೇ ಎರಕ ಹೊಯ್ದ, ಲೇಸಿಲ್ಲದೆ ಕಾಲು ತೂರಿಸುವ ಕ್ಲಾಗ್‌ಗಳಂತೂ ಬೇಸಿಗೆಯಲ್ಲಿ ಮುಚ್ಚಿದ ಕಾರಿನಲ್ಲಿ ಬಿಟ್ಟರೆ ಕುಗ್ಗಿ ಚಿಕ್ಕದಾಗಿಬಿಡಬಹುದು. ಅವು ಹಗುರ, ತೊಳೆಯಲು ಸುಲಭ. ಆದರೆ ಸೋಲ್‌ನ ಕೆಳಗಿನ ಗೀರುಗಳು ಸವೆದ ಮೇಲೆ ಒರೆಸಿದ ನೆಲದಲ್ಲಿ ಜಾರುತ್ತವೆ, ರೋಗಿಯನ್ನು ಎತ್ತಿ ಇಳಿಸುವವರಿಗೆ ಅದು ನಿಜವಾದ ಅಪಾಯ.

ಪಿಯು (ಪಾಲಿಯುರೆಥೇನ್) ಸೋಲ್‌ನ ಶೂ ಕೊಳ್ಳುವವರು ಡಬ್ಬದ ಮೇಲಿನ ತಯಾರಿಕೆಯ ತಿಂಗಳು, ವರ್ಷ ಓದಲೇಬೇಕು. ತೇವಾಂಶ ತಾಗಿ ಪಾಲಿಯುರೆಥೇನ್ ಕಾಲಕ್ರಮೇಣ ಒಡೆಯುತ್ತದೆ. ಬಳಸದೆ ಬೀರುವಿನಲ್ಲಿಟ್ಟರೂ ಪುಡಿಯಾಗುತ್ತದೆ. ರಿಯಾಯಿತಿ ಮಾರಾಟದಲ್ಲಿ ಸಿಗುವ ಹಳೆಯ ಸ್ಟಾಕು ಕರಾವಳಿ, ಮಲೆನಾಡಿನ ಮಳೆಗಾಲ ಕಂಡಿದ್ದರೆ ಇನ್ನೂ ಎಚ್ಚರ.

ಶುದ್ಧ ಹತ್ತಿಯ ಸಾಕ್ಸ್ ಬೆವರು ಹೀರಿ ಒದ್ದೆಯಾಗಿಯೇ ಇರುತ್ತದೆ. ಹತ್ತಿ-ನೈಲಾನ್ ಮಿಶ್ರಣ ವಾಸಿ. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಡುವಾಗಲೇ ಹಿಮ್ಮಡಿ ಚುಚ್ಚಿದಂತಾಗಿ, ನಡೆದಂತೆ ಕಡಿಮೆಯಾಗುವ ನೋವು ವಾರಗಟ್ಟಲೆ ಉಳಿದರೆ ಇನ್ನೊಂದು ಇನ್‌ಸೋಲ್ ಕೊಳ್ಳುವ ಬದಲು ಮೂಳೆ ವೈದ್ಯರಿಗೆ ತೋರಿಸಿ.