80-90, 140, ಸಿಂಥೆಟಿಕ್: ನಮ್ಮ ಇನ್ನೋವಾ ಹಿಂದಿನ ಹೌಸಿಂಗ್‌ಗೆ ಮೂರೂ ಹಾಕಿ ನೋಡಿದ್ದು

ಇಂಜಿನ್ ಆಯಿಲ್ ಬಗ್ಗೆ ಕೇಳಿದ್ರೆ ನಮ್ ಕಡೆ ಎಲ್ರೂ ಅರ್ಧ ಗಂಟೆ ಮಾತಾಡ್ತಾರೆ, ಆದ್ರೆ ಹಿಂದಿನ ಡಿಫರೆನ್ಶಿಯಲ್ (ಹಿಂದಿನ ಆಕ್ಸಲ್ ಮಧ್ಯೆ, ಎರಡೂ ಚಕ್ರಕ್ಕೆ ಶಕ್ತಿ ಹಂಚೋ ಗೇರುಗಳ ಡಬ್ಬ, ಹೌಸಿಂಗ್ ಅನ್ನೋದು ಅದನ್ನೇ) ಆಯಿಲ್ ಕೊನೆಗೆ ಯಾವಾಗ ಚೇಂಜ್ ಮಾಡ್ಸಿದ್ರಿ ಅಂತ ಕೇಳಿ ನೋಡಿ, ಮುಕ್ಕಾಲು ಜನಕ್ಕೆ ನೆನಪೇ ಇರಲ್ಲ. ನಾನು 2015ರಲ್ಲಿ ಈ ಇನ್ನೋವಾ ತಗೊಂಡಾಗ ಅದು 2008ರ ಮಾಡೆಲ್ಲು, ಮೀಟರಲ್ಲಿ 1,38,000 ಕಿಲೋಮೀಟರ್ ಇತ್ತು, ಸರ್ವಿಸ್ ಪುಸ್ತಕದಲ್ಲಿ ಇಂಜಿನ್ ಆಯಿಲ್, ಫಿಲ್ಟರು, ಬ್ರೇಕು ಎಲ್ಲಾ ಬರೆದಿತ್ತು, ಹಿಂದಿನ ಹೌಸಿಂಗ್ ಬಗ್ಗೆ ಒಂದು ಸಾಲೂ ಇರ್ಲಿಲ್ಲ. ನಮ್ಮದು ಮೂಡಿಗೆರೆ ಕಡೆ. ತಿಂಗಳಿಗೆ ಒಂದೆರಡು ಸಲ ಚಾರ್ಮಾಡಿ ಘಾಟಿ ಇಳಿದು ಹತ್ತೋದು, ಅದೂ ಏಳೆಂಟು ಜನ ತುಂಬ್ಕೊಂಡು ಧರ್ಮಸ್ಥಳಕ್ಕೋ ಮಂಗಳೂರಿಗೋ, ಆಮೇಲೆ ಆಗಾಗ ಹಾಸನದ ಮೇಲೆ ಬೆಂಗಳೂರು. ಅಂದ್ರೆ ಘಾಟಿಯಲ್ಲಿ ಏದುಸಿರು ಬಿಡೋ ಕೆಲಸನೂ ಇದೆ, ಹೈವೇಲಿ ಒಂದೇ ಸಮ ಓಡೋ ಕೆಲಸನೂ ಇದೆ. ಈ ಗಾಡಿಗೆ ಇಷ್ಟು ವರ್ಷದಲ್ಲಿ ನಾನು ಮೂರು ಥರದ ಆಯಿಲ್ ಹಾಕಿ ನೋಡಿದೀನಿ: ಸಾಮಾನ್ಯ 80ಡಬ್ಲ್ಯೂ-90 ಮಿನರಲ್ (ಕಚ್ಚಾ ತೈಲ ಶುದ್ಧ ಮಾಡಿ ತೆಗೆದದ್ದು), ದಪ್ಪನೆ 85ಡಬ್ಲ್ಯೂ-140 ಮಿನರಲ್, ಆಮೇಲೆ 75ಡಬ್ಲ್ಯೂ-90 ಸಿಂಥೆಟಿಕ್ (ರಾಸಾಯನಿಕವಾಗಿ ತಯಾರಿಸಿದ್ದು). ಈ ಸಂಖ್ಯೆಗಳ ಅರ್ಥ ಮುಂದೆ ಹೇಳ್ತೀನಿ. ಕಂಪನಿ ಹೆಸರು ಹೇಳ್ತಿಲ್ಲ, ಯಾಕಂದ್ರೆ ಇಲ್ಲಿ ಡಬ್ಬಿ ಮೇಲಿರೋ ಗ್ರೇಡೇ ಮುಖ್ಯ.

ಮೊದಲು ಒಂದು ವಿಷಯ. ಮೂರೂ ಡಬ್ಬಿ ಮೇಲೆ ಎಪಿಐ ಜಿಎಲ್-5 (ಗೇರ್ ಆಯಿಲ್ ಎಷ್ಟು ಒತ್ತಡ ತಡೆಯುತ್ತೆ ಅಂತ ಹೇಳೋ ದರ್ಜೆ) ಅಂತ ಇತ್ತು, ಅದರಲ್ಲಿ ನಾನು ರಾಜಿ ಆಗಿಲ್ಲ, ನೀವೂ ಆಗ್ಬೇಡಿ. ಹಿಂದಿನ ಹೌಸಿಂಗಲ್ಲಿ ಇರೋದು ಹೈಪಾಯ್ಡ್ ಗೇರು, ಅಂದ್ರೆ ಪಿನಿಯನ್ನು (ಇಂಜಿನ್ ಕಡೆಯಿಂದ ಬರೋ ಸಣ್ಣ ಗೇರು) ಕ್ರೌನ್‌ನ (ಅದು ತಿರುಗಿಸೋ ದೊಡ್ಡ ಗೇರಿನ) ನಡುಮಧ್ಯಕ್ಕೆ ಸರಿಯಾಗಿ ಕೂರಲ್ಲ, ಸ್ವಲ್ಪ ಕೆಳಗೆ ಕೂತಿರುತ್ತೆ. ಅದ್ರಿಂದ ಹಲ್ಲು ಹಲ್ಲಿನ ಮೇಲೆ ಬರೀ ಉರುಳಲ್ಲ, ಉದ್ದಕ್ಕೂ ಉಜ್ಜಿಕೊಂಡು ಜಾರುತ್ತೆ. ಆ ಒತ್ತಡಕ್ಕೆ ಮಾಮೂಲಿ ಆಯಿಲ್ ಪದರ ಹರಿದು ಹೋಗುತ್ತೆ, ಆಗ ಕಾಪಾಡೋದು ಆಯಿಲ್ ಒಳಗಿನ ಗಂಧಕ ರಂಜಕದ ಅಡಿಟಿವ್ವು. ಡಬ್ಬಿ ಮುಚ್ಚಳ ತೆಗೆದ ತಕ್ಷಣ ಕೊಳೆತ ಮೊಟ್ಟೆ ಥರ ಮೂಗಿಗೆ ಹೊಡೆಯುತ್ತಲ್ಲ, ಅದೇ ಅದು. ಜಿಎಲ್-4ರಲ್ಲಿ ಈ ಅಡಿಟಿವ್ ಪ್ರಮಾಣ ಕಮ್ಮಿ. ಅದೇ ಆಯಿಲ್ಲು ಗೇರ್‌ಬಾಕ್ಸಿಗೆ ಸರಿ, ಯಾಕಂದ್ರೆ ಅಲ್ಲಿ ಗೇರ್ ಸಲೀಸಾಗಿ ಬೀಳೋಕೆ ಹಿತ್ತಾಳೆ ಸಿಂಕ್ರೊ ರಿಂಗ್ ಇರುತ್ತೆ, ಜಿಎಲ್-5 ಕೆಲವು ಸಲ ಅದನ್ನ ತಿನ್ನುತ್ತೆ. ಆದ್ರೆ ಹೌಸಿಂಗಿಗೆ ಜಿಎಲ್-4 ಸಾಲಲ್ಲ. ಎಷ್ಟೋ ಅಂಗಡೀಲಿ "ಗೇರ್ ಆಯಿಲ್ ಕೊಡಿ" ಅಂದ್ರೆ ಯಾವುದಕ್ಕೆ ಅಂತ ಕೇಳ್ದೇ ಒಂದು ಡಬ್ಬಿ ಕೈಗಿಡ್ತಾರೆ, ಹಿಂದೆ ತಿರುಗಿಸಿ ಓದ್ಕೊಳ್ಳಿ.

ಮೊದಲನೇ ಸಲದ ಕಥೆ ಹೇಳಲೇಬೇಕು. ಒಂದು ಗ್ಯಾರೇಜಿಗೆ ಬಿಟ್ಟಿದ್ದೆ, ಅಲ್ಲಿನ ಹುಡುಗ ಜ್ಯಾಕ್ ಹಾಕಿದವನೇ ಕೆಳಗಿನ ಡ್ರೈನ್ ಪ್ಲಗ್ ಬಿಚ್ಚಿ ಆಯಿಲ್ ಪೂರ್ತಿ ಇಳಿಸಿಬಿಟ್ಟ. ಕರಿ ಟಾರು ಥರ, ದಾರ ದಾರವಾಗಿ ಇಳೀತು. ಆಮೇಲೆ ಹೊಸದು ತುಂಬೋಣ ಅಂತ ಮೇಲಿನ ಪ್ಲಗ್‌ಗೆ ಪಾನ ಹಾಕಿದ್ರೆ ಅದು ಅಲುಗಾಡ್ತಿಲ್ಲ. ಏಳು ವರ್ಷದ ತುಕ್ಕು, ಮೇಲೆ ಕೆಸರು. ಪೈಪ್ ಸಿಕ್ಕಿಸಿ ಎಳೆದು ನಟ್ಟಿನ ಮೂಲೆಗಳು ಸವೆದು ದುಂಡಗಾದವು. ಗಾಡಿ ಖಾಲಿ ಹೌಸಿಂಗಲ್ಲಿ ನಿಂತಿದೆ, ಆಯಿಲ್ ಇಲ್ದೆ ಒಂದು ಕಿಲೋಮೀಟರೂ ಓಡಿಸೋ ಹಾಗಿಲ್ಲ. ಕೊನೆಗೆ ಗ್ಯಾಸ್ ವೆಲ್ಡಿಂಗ್‌ನವರನ್ನ ಕರೆಸಿ, ಪ್ಲಗ್ ಸುತ್ತ ಬಿಸಿ ಮಾಡಿ, ಅದರ ತಲೆಗೆ ಒಂದು ನಟ್ಟು ವೆಲ್ಡ್ ಮಾಡಿ ತಿರುಗಿಸೋ ಹೊತ್ತಿಗೆ ಸಂಜೆ ಆಯ್ತು. ಅವತ್ತಿಂದ ನಾನು ಯಾರಿಗೇ ಹೇಳ್ಲಿ ಮೊದಲ ಮಾತೇ ಇದು, ಮೇಲಿನ ಪ್ಲಗ್ ಬಿಚ್ಚಿ ಕೈಯಲ್ಲಿ ಹಿಡ್ಕೊಂಡ ಮೇಲೇನೇ ಕೆಳಗಿನದಕ್ಕೆ ಪಾನ ಹಾಕಿ.

ಅವತ್ತು ಹಾಕಿದ್ದು 80ಡಬ್ಲ್ಯೂ-90 ಮಿನರಲ್. ಆಗ ಲೀಟರಿಗೆ ನಾನೂರು ರೂಪಾಯಿ ಹತ್ತಿರ ಇತ್ತು. ಗಾಡೀಲಿ ಎಂಥದೂ ವ್ಯತ್ಯಾಸ ಗೊತ್ತಾಗ್ಲಿಲ್ಲ, ಗೊತ್ತಾಗೋದೂ ಬೇಡ, ಸುಮ್ನೆ ತನ್ನ ಪಾಡಿಗೆ ಓಡ್ತು. ಸುಮಾರು 40,000 ಕಿಲೋಮೀಟರ್ ಆದ್ಮೇಲೆ ಇಳಿಸಿದಾಗ ಆಯಿಲ್ ಕಪ್ಪು ಕಂದು ಆಗಿತ್ತು, ಆದ್ರೆ ಬೆರಳಲ್ಲಿ ಉಜ್ಜಿದ್ರೆ ಇನ್ನೂ ಜಿಡ್ಡು ಇತ್ತು. ಮ್ಯಾಗ್ನೆಟ್ ಇರೋ ಡ್ರೈನ್ ಪ್ಲಗ್ ಹಾಕ್ಸಿದ್ದೆ, ಅದರ ತುದಿಗೆ ಬೂದು ಬಣ್ಣದ ನುಣ್ಣನೆ ಪೇಸ್ಟ್ ಅಂಟಿತ್ತು, ವಿಭೂತಿ ಕಲಸಿದ ಹಾಗೆ. ಅದು ಸಹಜ ಸವೆತ. ಚೂರು ಚೂರು ಲೋಹ, ಉಗುರಿಗೆ ಸಿಗೋ ಅಂಥ ತುಂಡು ಬಂದ್ರೆ ಮಾತ್ರ ಹೆದರ್ಬೇಕು, ಅದು ಹಲ್ಲೋ ಬೇರಿಂಗೋ ಹೋಗ್ತಿರೋ ಲಕ್ಷಣ.

ಮತ್ತೆ ಅದೇ ಗ್ರೇಡ್ ತುಂಬಿಸಿದೆ. ಅಷ್ಟರಲ್ಲಿ 2019ರ ಆಗಸ್ಟ್ ಬಂತು. ಆ ಮಳೆ ನಮ್ ಕಡೆಯವರು ಯಾರೂ ಮರೆಯಲ್ಲ, ಚಾರ್ಮಾಡಿಯಲ್ಲಿ ಅಲ್ಲಲ್ಲಿ ಗುಡ್ಡ ಜರಿದು ರಸ್ತೇನೇ ಬಂದ್ ಆಗಿತ್ತು. ನಮ್ಮ ತೋಟದ ದಾರಿಯ ಹಳ್ಳ ರಸ್ತೆ ಮೇಲೆ ಹರೀತಿತ್ತು, ಅಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಿ ವಾಪಸ್ ಬರೋವಾಗ ಬೇರೆ ದಾರಿ ಇಲ್ದೆ ಅದರಲ್ಲೇ ದಾಟಿದೆ, ನೀರು ಹಿಂದಿನ ಆಕ್ಸಲ್ ಮುಳುಗೋ ಅಷ್ಟು ಇತ್ತು. ಓಡಿ ಬಿಸಿಯಾಗಿರೋ ಹೌಸಿಂಗ್ ಹಠಾತ್ತಾಗಿ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತೆ, ಬ್ರೀದರ್ (ಒಳಗಿನ ಗಾಳಿ ಆಡೋಕೆ ಇರೋ ಸಣ್ಣ ತೂತು) ಕಡೆಯಿಂದಲೋ ಸೀಲ್ ಕಡೆಯಿಂದಲೋ ನೀರನ್ನ ಒಳಗೆ ಎಳ್ಕೊಳ್ಳುತ್ತೆ. ವಾರ ಬಿಟ್ಟು ಮೇಲಿನ ಪ್ಲಗ್ ತೆಗೆದು ಬೆರಳು ಹಾಕಿದ್ರೆ ಬೆರಳಿಗೆ ಬಂದಿದ್ದು ಹಾಲು ಜಾಸ್ತಿ ಹಾಕಿದ ಕಾಫಿ ಬಣ್ಣದ ನೊರೆ. ಬರೀ ಏಳೆಂಟು ಸಾವಿರ ಕಿಲೋಮೀಟರ್ ಓಡಿದ್ದ ಆಯಿಲ್ಲು, ಅಷ್ಟನ್ನೂ ಚೆಲ್ಲಿ ಹೊಸದು ಹಾಕ್ಸಿ, ಒಂದು ಐನೂರು ಕಿಲೋಮೀಟರ್ ಓಡಿಸಿ ಅದನ್ನೂ ಇಳಿಸಿದೆ, ಒಳಗೆ ಉಳಿದ ತೇವ ಹೋಗ್ಲಿ ಅಂತ. ಮಿನರಲ್ ಆಯಿಲ್ ಹಾಕಿರೋದ್ರ ದೊಡ್ಡ ಅನುಕೂಲ ನನಗೆ ಅರ್ಥ ಆಗಿದ್ದು ಆವಾಗಲೇ, ಎರಡು ಸಲ ಚೆಲ್ಲೋಕೂ ಹೊಟ್ಟೆ ಉರೀಲಿಲ್ಲ.

ಅದಾದ ಮೇಲೆ ಎಪ್ಪತ್ತು ಎಂಬತ್ತರ ಸ್ಪೀಡಲ್ಲಿ ಹಿಂದಿನಿಂದ ಸಣ್ಣಗೆ ಕೂಯ್ ಅನ್ನೋ ಸದ್ದು ಶುರು ಆಯ್ತು. ಆಕ್ಸಿಲರೇಟರ್ ಒತ್ತಿದಾಗ ಇರ್ತಿತ್ತು, ಬಿಟ್ರೆ ಕಮ್ಮಿ ಆಗ್ತಿತ್ತು. ತಿರುವಲ್ಲಿ ಎಡಕ್ಕೆ ಬಲಕ್ಕೆ ಆಡಿಸಿದ್ರೂ ಸದ್ದು ಬದಲಾಗ್ತಿರ್ಲಿಲ್ಲ, ಅಂದ್ರೆ ವೀಲ್ ಬೇರಿಂಗ್ ಅಲ್ಲ, ಕ್ರೌನ್ ಪಿನಿಯನ್ನೇ. ನಮ್ಮ ಭಾವ ಇಪ್ಪತ್ತು ವರ್ಷದಿಂದ ಪಿಕಪ್ ಇಟ್ಕೊಂಡಿರೋರು, "ನೀನು 140 ಹಾಕ್ಸು ಮಾರಾಯ, ಸದ್ದು ಅಡಗುತ್ತೆ" ಅಂದ್ರು. ಹಾಕ್ಸಿದೆ. ನಿಜ ಹೇಳ್ಬೇಕು ಅಂದ್ರೆ ಸದ್ದು ಕಮ್ಮಿ ಆಯ್ತು, ಪೂರ್ತಿ ಹೋಗ್ಲಿಲ್ಲ, ಕಿಟಕಿ ಏರಿಸಿದ್ರೆ ಕೇಳದ ಮಟ್ಟಕ್ಕೆ ಇಳೀತು. ದಪ್ಪ ಆಯಿಲ್ ಸವೆದ ಹಲ್ಲಿನ ಮಧ್ಯೆ ಮೆತ್ತೆ ಥರ ಕೂರುತ್ತೆ, ಸದ್ದು ಮುಚ್ಚುತ್ತೆ, ಸವೆದಿರೋದು ಮಾತ್ರ ಸವೆದೇ ಇರುತ್ತೆ.

140 ಹಾಕ್ಸೋ ಮುಂಚೆಯಿಂದಲೇ ನಾನು ಅಳೆಯೋಕೆ ಶುರು ಮಾಡಿದ್ದೆ. ದೂರದಿಂದ ತೋರಿಸಿ ಟೆಂಪರೇಚರ್ ನೋಡೋ ಗನ್ ಒಂದು ಮನೇಲಿತ್ತು, ಘಾಟಿ ಮೇಲಿನ ಕೊಟ್ಟಿಗೆಹಾರದಲ್ಲಿ ಎಲ್ರೂ ನೀರುದೋಸೆ ತಿನ್ನೋಕೆ ಇಳಿದಾಗ ನಾನು ಗಾಡಿ ಹಿಂದೆ ಬಗ್ಗಿ ಹೌಸಿಂಗ್‌ನ ಒಂದೇ ಜಾಗಕ್ಕೆ ತೋರಿಸಿ ಬರ್ಕೋತಿದ್ದೆ. 80-90 ಇದ್ದಾಗ ಮಾಮೂಲಿ ಬಿಸಿಲಲ್ಲಿ, ಗಾಡಿ ತುಂಬಾ ಜನ ಇಟ್ಕೊಂಡು ಘಾಟಿ ಹತ್ತಿದ ಮೇಲೆ 76ರಿಂದ 79 ಡಿಗ್ರಿ, 140 ಹಾಕಿದ ಮೇಲೆ 80ರಿಂದ 82. ಅಂಥಾ ವ್ಯತ್ಯಾಸ ಇಲ್ಲ ಅಂದ್ಕೊಂಡೆ. ಆದ್ರೆ ಹಾಸನದಿಂದ ಯಡಿಯೂರು ತನಕ ಫೋರ್‌ಲೇನಲ್ಲಿ ತೊಂಬತ್ತರಲ್ಲಿ ಒಂದೇ ಸಮ ಓಡಿಸಿ ನಿಲ್ಲಿಸಿದಾಗ 80-90ರಲ್ಲಿ 74 ಇದ್ದಿದ್ದು 140ರಲ್ಲಿ 85 ಮುಟ್ತು. ಹನ್ನೊಂದು ಡಿಗ್ರಿ! ಯೋಚನೆ ಮಾಡಿದ್ರೆ ಸರೀನೇ, ಘಾಟಿಯಲ್ಲಿ ಕ್ರೌನ್ ನಿಧಾನ ತಿರುಗುತ್ತೆ, ಬಿಸಿ ಬರೋದು ಒತ್ತಡದಿಂದ. ಹೈವೇಲಿ ಕ್ರೌನ್ ಬಿರ್ರನೆ ತಿರುಗ್ತಾ ದಪ್ಪ ಆಯಿಲನ್ನ ಮಜ್ಜಿಗೆ ಕಡೆದ ಹಾಗೆ ಕಡೀತಾ ಇರುತ್ತೆ, ಆ ಕಡೆಯೋ ಶಕ್ತಿಯೆಲ್ಲ ಬಿಸಿ ಆಗಿ ಹೋಗುತ್ತೆ. ಮೈಲೇಜ್ ಕೂಡ ಲೀಟರಿಗೆ ಕಾಲು ಕಿಲೋಮೀಟರ್ ಇಳಿದ ಹಾಗೆ ಅನ್ನಿಸ್ತು, ಆದ್ರೆ ಅಷ್ಟು ಸಣ್ಣ ವ್ಯತ್ಯಾಸ ನನ್ನ ಕಾಲಿನ ಭಾರದಿಂದಲೂ ಬರಬಹುದು, ಅದನ್ನ ನಾನು ಲೆಕ್ಕಕ್ಕೆ ಇಡಲ್ಲ.

ಮೂರನೇದು ಸಿಂಥೆಟಿಕ್ 75ಡಬ್ಲ್ಯೂ-90. ಲೀಟರಿಗೆ ಸಾವಿರ ದಾಟಿತ್ತು. ತಂದಾಗ ನೋಡಿದ ಎಲ್ರೂ ಹೇಳಿದ್ದು ಒಂದೇ, 75 ಅಂದ್ರೆ ತೆಳು, ನಮ್ ಸೆಕೆಗೆ, ನಮ್ ಘಾಟಿಗೆ ನಿಲ್ಲಲ್ಲ. ಇದು ತಪ್ಪು ತಿಳುವಳಿಕೆ, ಬಿಡಿಸಿ ಹೇಳ್ತೀನಿ. ಡಬ್ಲ್ಯೂ ಮುಂಚಿನ ಸಂಖ್ಯೆ ಚಳಿಗೆ ಸಂಬಂಧಿಸಿದ್ದು. 75ಡಬ್ಲ್ಯೂ ಪರೀಕ್ಷೆ ಮಾಡೋದು ಸೊನ್ನೆಗಿಂತ 40 ಡಿಗ್ರಿ ಕೆಳಗೆ, 80ಡಬ್ಲ್ಯೂ 26 ಕೆಳಗೆ, 85ಡಬ್ಲ್ಯೂ 12 ಕೆಳಗೆ. ಕರ್ನಾಟಕದಲ್ಲಿ ಯಾವ ಊರಲ್ಲೂ ಆ ಚಳಿ ಬರಲ್ಲ. ಬಿಸಿ ಆದ್ಮೇಲೆ ಎಷ್ಟು ದಪ್ಪ ಅಂತ ಹೇಳೋದು ಎರಡನೇ ಸಂಖ್ಯೆ, ಅದನ್ನ 100 ಡಿಗ್ರಿಯಲ್ಲಿ ಅಳೀತಾರೆ. 75-90 ಆಗ್ಲಿ 80-90 ಆಗ್ಲಿ ಎರಡೂ 90ರ ಅಳತೆ ಒಳಗೇ ಇರ್ಬೇಕು, ಅಂದ್ರೆ ಓಡೋವಾಗ ಎರಡೂ ಒಂದೇ ದಪ್ಪದ ಆಸುಪಾಸು. ಇನ್ನೊಂದು ಗೊಂದಲ, 90 ಅಂದ ತಕ್ಷಣ ಇಂಜಿನ್‌ನ 20ಡಬ್ಲ್ಯೂ-50ಗಿಂತ ಎರಡು ಪಟ್ಟು ದಪ್ಪ ಅಂದ್ಕೋತಾರೆ. ಗೇರ್ ಆಯಿಲ್ ಅಳತೆಕೋಲೇ ಬೇರೆ. ಗೇರಿನ 90 ಅಂದ್ರೆ ಇಂಜಿನ್ ಆಯಿಲ್ಲಿನ 40, 50ರ ಹತ್ತಿರದ ದಪ್ಪ ಅಷ್ಟೇ.

ಹಾಕಿದ ಮೇಲೆ ಅಳೆದ್ರೆ ಕೊಟ್ಟಿಗೆಹಾರದಲ್ಲಿ 71, ಯಡಿಯೂರಲ್ಲಿ 68, 69. ಮೂರರಲ್ಲೂ ಇದೇ ತಣ್ಣಗಿತ್ತು. ಮಳೆಗಾಲದ ಬೆಳಿಗ್ಗೆ ಗಾಡಿ ತೆಗೆದಾಗ ಮೊದಲ ನೂರಿನ್ನೂರು ಮೀಟರ್ ಉರುಳೋದೂ ಹಗುರ ಅನ್ನಿಸ್ತು. ಆದ್ರೆ ಆ ಕೂಯ್ ಸದ್ದು ಮತ್ತೆ ವಾಪಸ್ ಬಂತು, 80-90 ಇದ್ದಾಗ ಎಷ್ಟಿತ್ತೋ ಅಷ್ಟೇ. ಸದ್ದಿಗೋಸ್ಕರ ಸಿಂಥೆಟಿಕ್ ಹಾಕ್ಸೋರಿಗೆ ನಿರಾಸೆ ಆಗುತ್ತೆ.

ಎರಡು ತಿಂಗಳಿಗೆ ಪಿನಿಯನ್ ಸೀಲ್ ಹತ್ರ ಒದ್ದೆ ಕಾಣಿಸ್ತು, ಕೆಳಗೆ ಧೂಳು ಹಿಡ್ಕೊಂಡು ಮಸಿ ಥರ. ಸಿಂಥೆಟಿಕ್ ಸೋರುತ್ತೆ ಅಂತ ನಾವು ಹೇಳ್ಲಿಲ್ವಾ ಅಂದ್ರು. ಸೀಲ್ ಬದಲಾಯ್ಸೋಕೆ ಗಾಡಿ ಬಿಡೋ ಮುಂಚೆ ನಾನೊಮ್ಮೆ ಆಕ್ಸಲ್ ಮೇಲಿನ ಬ್ರೀದರ್ ಬಿಚ್ಚಿ ನೋಡಿದೆ, ಊದಿದ್ರೆ ಗಾಳಿ ಹೋಗ್ತಿಲ್ಲ, ಕೆಮ್ಮಣ್ಣು ಕಟ್ಟಿ ಗಟ್ಟಿ ಬಿರಡೆ ಆಗಿತ್ತು. ಬಿಸಿಗೆ ಹಿಗ್ಗಿದ ಗಾಳಿ ಹೋಗೋಕೆ ಜಾಗ ಇಲ್ದೆ ಸೀಲ್ ಕಡೆಯಿಂದ ಆಯಿಲ್ ತಳ್ತಿತ್ತು. ಡೀಸೆಲ್‌ನಲ್ಲಿ ತೊಳೆದು, ಊದಿ, ಹಾಕಿದೆ. ಸೀಲ್ ಸುತ್ತ ಒರೆಸಿಟ್ಟು ಎರಡು ಸಾವಿರ ಕಿಲೋಮೀಟರ್ ಆದ್ಮೇಲೆ ನೋಡಿದ್ರೂ ಒಣಗೇ ಇತ್ತು. ಒಂದು ವೇಳೆ ಸೀಲ್ ಬದಲಾಯ್ಸಲೇಬೇಕಾಗಿ ಬಂದ್ರೆ ಗೊತ್ತಿರೋ ಮೇಸ್ತ್ರಿ ಹತ್ರನೇ ಮಾಡ್ಸಿ, ಪಿನಿಯನ್ ನಟ್ಟಿನ ಬಿಗಿ ಮೇಲೆ ಒಳಗಿನ ಬೇರಿಂಗ್ ಒತ್ತಡ ನಿಂತಿರುತ್ತೆ, ಸಿಕ್ಕಾಪಟ್ಟೆ ಟೈಟ್ ಮಾಡಿದ್ರೆ ಹೊಸ ಸದ್ದೊಂದು ಹುಟ್ಕೊಳ್ಳುತ್ತೆ.

ಪ್ರತಿ ಸಲ ಇಳಿಸಿದ ಆಯಿಲ್ ಸ್ವಲ್ಪ ಸ್ವಲ್ಪ ಖಾಲಿ ಹಾರ್ಲಿಕ್ಸ್ ಬಾಟಲಿಗಳಲ್ಲಿ ತುಂಬಿಟ್ಟಿದೀನಿ, ಶೆಡ್ಡಿನ ಕಿಟಕೀಲಿ ಸಾಲಾಗಿ ಇವೆ. ಹಳಬರು ಬಿಟ್ಟುಹೋದದ್ದು ಬೆಳಕಿಗೆ ಹಿಡಿದ್ರೂ ಕಾಣಲ್ಲ, ಪೂರ್ತಿ ಕಪ್ಪು. 80-90ರ ನಲವತ್ತು ಸಾವಿರದ್ದು ಕಡು ಕಂದು, ಅಂಚಲ್ಲಿ ಮಾತ್ರ ಬೆಳಕು. 140 ಇಪ್ಪತ್ತೈದು ಸಾವಿರಕ್ಕೇ ಅದಕ್ಕಿಂತ ಕಪ್ಪಾಗಿದೆ. ಸಿಂಥೆಟಿಕ್ 45,000 ಓಡಿದ್ರೂ ಜೋನಿಬೆಲ್ಲದ ಬಣ್ಣ, ಹಿಂದೆ ಬೆರಳು ಇಟ್ರೆ ಕಾಣುತ್ತೆ. ಮಳೆ ನೀರು ಸೇರಿದ್ದು ಮಾತ್ರ ಎರಡು ಪದರ ಆಗಿ ಒಡೆದು ನಿಂತಿದೆ.

ಹಾಗಾಗಿ ನನ್ನ ಮಾತು ಇದು. ಹಳ್ಳ ಕೆಸರು ದಾಟೋ ಗಾಡಿ, ವರ್ಷಕ್ಕೊಮ್ಮೆ ಮಳೆಗಾಲ ಮುಗಿದ ಮೇಲೆ ಬದಲಾಯ್ಸೋರಾದ್ರೆ 80-90 ಮಿನರಲ್ಲೇ ಹಾಕಿ, ದುಬಾರಿ ಆಯಿಲ್ಲಿಗೂ ನೀರು ಸೇರಿದ್ರೆ ಅದೇ ಗತಿ. ಘಾಟಿ, ಹೈವೇ, ತುಂಬಾ ಜನ, ದೂರದ ಓಟ ಇದ್ರೆ ಸಿಂಥೆಟಿಕ್ ದುಡ್ಡಿಗೆ ಮೋಸ ಇಲ್ಲ, ನಮ್ಮ ಇನ್ನೋವಾದಲ್ಲಿ ಈಗ್ಲೂ ಅದೇ ಇದೆ. 140 ನನ್ನ ಗಾಡಿಗೆ ಮತ್ತೆ ಹಾಕಲ್ಲ, ಆದ್ರೆ ಭಾವನ ಪಿಕಪ್ ಥರ ಹಲ್ಲು ಸವೆದಿರೋ, ಲೋಡ್ ಹೊತ್ತು ನಲವತ್ತು ಐವತ್ತರಲ್ಲೇ ಓಡೋ ಹಳೇ ಗಾಡಿಗೆ ಅದು ತಪ್ಪಲ್ಲ. ಲಿಮಿಟೆಡ್ ಸ್ಲಿಪ್ ಅಥವಾ ಲಾಕಿಂಗ್ ಡಿಫರೆನ್ಶಿಯಲ್ (ಒಂದು ಚಕ್ರ ಜಾರಿದ್ರೂ ಇನ್ನೊಂದಕ್ಕೆ ಶಕ್ತಿ ಹೋಗೋ ಥರದ್ದು) ಇರೋ ಗಾಡಿಯಾದ್ರೆ ಇದ್ಯಾವುದನ್ನೂ ನೋಡ್ಬೇಡಿ, ಮ್ಯಾನುಯಲ್‌ನಲ್ಲಿ ಹೇಳಿದ್ದೇ ಹಾಕಿ, ಕೆಲವಕ್ಕೆ ಬೇರೆ ಅಡಿಟಿವ್ ಬೇಕಾಗುತ್ತೆ.

ನೀವೇ ಮಾಡೋದಾದ್ರೆ ಮೊದಲು ಹತ್ತು ಹದಿನೈದು ಕಿಲೋಮೀಟರ್ ಓಡಿಸಿ ಬನ್ನಿ, ಬಿಸಿ ಆಯಿಲ್ ಕಸನೂ ಸೇರಿಸ್ಕೊಂಡು ಇಳಿಯುತ್ತೆ. ಸಮತಟ್ಟು ಜಾಗ, ಚಕ್ರಕ್ಕೆ ಕಲ್ಲು, ಬರೀ ಜ್ಯಾಕ್ ನಂಬಿ ಕೆಳಗೆ ನುಸುಳಬೇಡಿ. ಮೇಲಿನ ಪ್ಲಗ್ ಸುತ್ತ ಹಿಂದಿನ ದಿನವೇ ತುಕ್ಕು ಬಿಡ್ಸೋ ಸ್ಪ್ರೇ ಹೊಡೆದು, ಆರು ಮೂಲೆ ಸಾಕೆಟ್ ಹಾಕಿ, ಹನ್ನೆರಡು ಮೂಲೇದು ಬೇಡ, ಜಾರುತ್ತೆ. ವಾಷರ್ ಹೊಸದು. ತುಂಬೋಕೆ ನಾನು ಉದ್ದ ಪ್ಲಾಸ್ಟಿಕ್ ಪೈಪಿಗೆ ಆಲಿಕೆ ಸಿಕ್ಕಿಸಿ, ಚಕ್ರದ ಮೇಲಿನಿಂದ ಇಳಿಬಿಡ್ತೀನಿ, 140 ಮಾತ್ರ ಆ ಪೈಪಲ್ಲಿ ಇಳಿಯೋಕೆ ಮುಕ್ಕಾಲು ಗಂಟೆ ತಗೊಂಡಿತ್ತು. ಮೇಲಿನ ತೂತಿನ ಕೆಳ ಅಂಚಿಂದ ತೆಳ್ಳಗೆ ಹೊರಗೆ ಹರಿಯೋಕೆ ಶುರು ಆದ್ರೆ ಲೆವೆಲ್ ಬಂತು ಅಂತ, ಅಲ್ಲಿಗೆ ನಿಲ್ಲಿಸಿ ಪ್ಲಗ್ ಹಾಕಿ. ಇಳಿಸಿದ ಆಯಿಲನ್ನ ತೋಟದ ಚರಂಡಿಗೆ ಬಿಡ್ಬೇಡಿ, ನಮ್ ಕಡೆ ಚರಂಡಿ ಎಲ್ಲಾ ಕೊನೆಗೆ ಸೇರೋದು ಹಳ್ಳಕ್ಕೇ, ಕ್ಯಾನಿಗೆ ತುಂಬಿ ಹಳೇ ಆಯಿಲ್ ತಗೊಳ್ಳೋ ಗ್ಯಾರೇಜಿಗೆ ಕೊಡಿ. ರಾತ್ರಿ ಗಾಡಿ ಕೆಳಗೆ ಒಂದು ರಟ್ಟು ಹಾಸಿಟ್ಟು, ಬೆಳಿಗ್ಗೆ ಟಾರ್ಚ್ ಹಿಡ್ಕೊಂಡು ನೋಡಿ.