ಆಗಸ್ಟ್‌ನ ಇಟಲಿಗೆ ದಾವಣಗೆರೆಯಲ್ಲಿ ಸಿದ್ಧವಾದ ರೈಲು ಯೋಜನೆ: ಒಂದು ವಿಮರ್ಶೆ

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿರುವ ಸಣ್ಣ ಪ್ರವಾಸ ಕಚೇರಿಯೊಂದು ವಿದೇಶಕ್ಕೆ ಹೋಗುವವರಿಗೆ ದಿನವಾರು ಯೋಜನೆ ಹಾಕಿಕೊಟ್ಟು, ಅಲ್ಲಿನ ರೈಲು ಟಿಕೆಟ್‌ಗಳನ್ನೂ ಕಾಯ್ದಿರಿಸಿ ಕೊಡುತ್ತದೆ. 2025ರ ಆಗಸ್ಟ್‌ನಲ್ಲಿ ನಮ್ಮ ಕುಟುಂಬ ಕೈಗೊಂಡ ಇಟಲಿ ಪ್ರವಾಸದ ರೈಲು ಯೋಜನೆ ಅವರದೇ. ಮೆಚ್ಚುಗೆಯ ಜೊತೆಗೆ ಕೆಲವು ದೂರುಗಳೂ ಇರುವುದರಿಂದ ಕಚೇರಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ.

ಆಗಸ್ಟ್ ನಮ್ಮ ಆಯ್ಕೆಯಾಗಿರಲಿಲ್ಲ. ಮಗ ಕೆಲಸ ಮಾಡುವ ಮಿಲಾನ್‌ನ ಕಚೇರಿಗೆ ದೀರ್ಘ ರಜೆ ಇರುವುದೇ ಆ ತಿಂಗಳಲ್ಲಿ. ಆಗಸ್ಟ್ 15ರ ಫೆರ್ರಾಗೋಸ್ತೊ ಹಬ್ಬದ ಆಸುಪಾಸಿನಲ್ಲಿ ಇಟಲಿಯ ಕಾರ್ಖಾನೆಗಳೂ ಕಚೇರಿಗಳೂ ಬಾಗಿಲು ಹಾಕುತ್ತವೆ. ದಿನನಿತ್ಯ ಕೆಲಸಕ್ಕೆ ಓಡಾಡುವವರು ಕಡಿಮೆಯಾಗುತ್ತಾರೆ. ಹಳಿಗಳ ಒಡೆತನ ಹೊಂದಿರುವ ಆರ್‌ಎಫ್‌ಐ ಸಂಸ್ಥೆ ತನ್ನ ದೊಡ್ಡ ಕಾಮಗಾರಿಗಳನ್ನು ಈ ವಾರಗಳಿಗೇ ಇಟ್ಟುಕೊಳ್ಳುವುದು ಅದೇ ಕಾರಣಕ್ಕೆ. ಕೋವಿಡ್ ನಂತರ ಐರೋಪ್ಯ ಒಕ್ಕೂಟ ಕೊಟ್ಟ ಚೇತರಿಕೆ ನಿಧಿಯ ಹಣವನ್ನು 2026ರೊಳಗೆ ಬಳಸಬೇಕಾಗಿದ್ದುದರಿಂದ ಆ ವರ್ಷಗಳಲ್ಲಿ ಕಾಮಗಾರಿಗಳ ಒತ್ತಡ ಇನ್ನೂ ಹೆಚ್ಚಿತ್ತು. ಪತ್ರಿಕೆಯಲ್ಲಿ ನೈಋತ್ಯ ರೈಲ್ವೆಯ ‘ಭಾಗಶಃ ರದ್ದು’, ‘ಮಾರ್ಗ ಬದಲಾವಣೆ’ ಪ್ರಕಟಣೆಗಳನ್ನು ಓದಿ ರೂಢಿಯಿರುವ ನಮಗೆ ಇದು ಹೊಸ ಸಂಗತಿಯೇನಲ್ಲ. ಆದರೆ ಅಲ್ಲಿ ಒಂದು ಮಾರ್ಗದ ನಡುವಿನ ಭಾಗವನ್ನೇ ವಾರಗಟ್ಟಲೆ ಮುಚ್ಚುವುದುಂಟು, ಮತ್ತು ಅದರ ಮಾಹಿತಿ ಬಹುಮಟ್ಟಿಗೆ ಮುಂಚಿತವಾಗಿಯೇ ಸಿಗುತ್ತದೆ.

ಈ ಮಾಹಿತಿಯನ್ನು ಹುಡುಕಿ ಓದುವ ತಾಳ್ಮೆಯೇ ಈ ಕಚೇರಿಯ ನಿಜವಾದ ಬಂಡವಾಳ. ಬೇರೆ ಕಡೆ ವಿಚಾರಿಸಿದಾಗಲೆಲ್ಲ ಯಾವ ಯಾವ ಊರು ನೋಡಬೇಕೆಂಬ ಪ್ರಶ್ನೆಯಿಂದಲೇ ಮಾತು ಶುರುವಾಗಿತ್ತು. ಇಲ್ಲಿಯವರು “ಮೊದ್ಲು ತಾರೀಕು ಹೇಳ್ರಿ ಸರ್, ಊರು ಆಮೇಲೆ ನೋಡೋಣ” ಎಂದರು. ತಾರೀಕು ಕೇಳಿದ ಮೇಲೆ ಕಂಪ್ಯೂಟರಿನ ಪರದೆಯನ್ನು ನಮ್ಮ ಕಡೆಗೆ ತಿರುಗಿಸಿ, ಯಾವ ಭಾಗದಲ್ಲಿ ಎಂದಿನಿಂದ ಎಂದಿನವರೆಗೆ ಕೆಲಸ ನಡೆಯುತ್ತದೆ ಎಂಬುದನ್ನು ಒಂದೊಂದಾಗಿ ತೋರಿಸಿದರು.

ಮಿಲಾನ್‌ನಿಂದ ಜಿನೋವಾಕ್ಕೆ ಹೋಗಿ ಸಮುದ್ರ ನೋಡಬೇಕೆಂಬುದು ನಮ್ಮ ಮೊದಲ ಆಸೆಯಾಗಿತ್ತು. ಆ ಮಾರ್ಗದಲ್ಲಿ ಪಾವಿಯಾ ಮತ್ತು ವೊಘೇರಾ ನಡುವೆ ಪೋ ನದಿಯ ಮೇಲಿರುವ ಸೇತುವೆಯ ಕಾಮಗಾರಿಗಾಗಿ ಆ ಬೇಸಿಗೆಯಲ್ಲಿ, ಜುಲೈ ಉತ್ತರಾರ್ಧದಿಂದ ಆಗಸ್ಟ್ ಕೊನೆಯವರೆಗೆ, ಅಲ್ಲಿ ರೈಲು ಓಡಾಟ ನಿಂತಿತ್ತು. ಬದಲಿ ಬಸ್ಸು ಇರುತ್ತದೆ, ಆದರೆ ಅದನ್ನು ನಂಬಿ ಮುಂದಿನ ರೈಲಿಗೆ ಟಿಕೆಟ್ ಮಾಡುವುದು ಜಾಣತನವಲ್ಲ ಎಂಬುದು ಅವರ ವಾದ. ಬಸ್ಸು ಪ್ಲಾಟ್‌ಫಾರ್ಮಿನಿಂದ ಹೊರಡುವುದಿಲ್ಲ, ನಿಲ್ದಾಣದ ಹೊರಗೆ ಅದನ್ನು ಹುಡುಕಿಕೊಂಡು ಹೋಗಬೇಕು. ರಸ್ತೆಯ ದಟ್ಟಣೆಗೆ ತಕ್ಕಂತೆ ಸಮಯ ಹಿಗ್ಗುತ್ತದೆ. ಸೈಕಲ್ ತಂದವರನ್ನು ಹತ್ತಿಸಿಕೊಳ್ಳುವುದಿಲ್ಲ. ಎರಡು ದೊಡ್ಡ ಸೂಟ್‌ಕೇಸುಗಳೊಂದಿಗೆ ಮೊಣಕಾಲು ನೋವಿನ ಹಿರಿಯರಿರುವ ನಮ್ಮಂಥ ಗುಂಪಿಗೆ ಇದು ಸಣ್ಣ ವಿಷಯವಲ್ಲ. ಆದ್ದರಿಂದ ಜಿನೋವಾವನ್ನು ಮಿಲಾನ್ ಕಡೆಯಿಂದ ಕಿತ್ತು, ಫ್ಲಾರೆನ್ಸ್‌ನಲ್ಲಿ ತಂಗಿದ್ದಾಗ ಪೀಸಾ ಮೂಲಕ ಲಾ ಸ್ಪೆಝಿಯಾದ ಕರಾವಳಿಗೆ ಹೋಗಿ ಬರುವಂತೆ ಯೋಜನೆಯನ್ನು ತಿರುಗಿಸಿದರು. ಜಿನೋವಾ ತಪ್ಪಿತು, ಸಮುದ್ರ ತಪ್ಪಲಿಲ್ಲ. ಇಡೀ ಯೋಜನೆಯಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ನಿರ್ಧಾರ ಇದು.

ಅತಿವೇಗದ ಮಾರ್ಗಗಳ ವಿಷಯದಲ್ಲೂ ಇದೇ ಎಚ್ಚರವಿತ್ತು. ಹಬ್ಬದ ವಾರದಲ್ಲಿ ಮಿಲಾನ್–ಬೊಲೊನ್ಯಾ ಮಾರ್ಗದಲ್ಲಿ, ಪಿಯಾಚೆಂಝಾಗಿಂತ ಮೊದಲಿನ ಭಾಗದಲ್ಲಿ ಕೆಲಸವಿದ್ದುದರಿಂದ ರೈಲುಗಳು ಪಕ್ಕದ ಹಳೆಯ ಹಳಿಗಳ ಮೇಲೆ ಹೋಗುತ್ತಿದ್ದವು. ನಮ್ಮ ಪ್ರಯಾಣವನ್ನು ಅದು ಮುಗಿದ ಮೇಲಿನ ದಿನಕ್ಕೆ ಇಟ್ಟರು. ಫ್ಲಾರೆನ್ಸ್–ರೋಮ್ ಮಾರ್ಗದಲ್ಲಿ ಹಾಗೆ ತಪ್ಪಿಸಿಕೊಳ್ಳಲು ಆಗಲಿಲ್ಲ. 1977ರಲ್ಲಿ ಮೊದಲ ಭಾಗ ತೆರೆದು 1992ರಲ್ಲಿ ಪೂರ್ಣಗೊಂಡ ಆ ಮಾರ್ಗ ಯುರೋಪಿನ ಅತಿವೇಗದ ಮಾರ್ಗಗಳಲ್ಲೇ ಹಿರಿಯದು. ದುರಸ್ತಿ ಕೇಳುವ ವಯಸ್ಸು ಅದಕ್ಕೆ ಬಂದಿದೆ. ಕಿಯೂಸಿ ಮತ್ತು ಒರ್ವಿಯೇತೊ ನಡುವೆ ಕೆಲಸ ನಡೆಯುತ್ತಿದ್ದ ದಿನಗಳಲ್ಲೇ ನಾವು ಹೋಗಬೇಕಾಗಿದ್ದುದರಿಂದ, ರೋಮ್ ತಲುಪಿದ ದಿನದ ಮಧ್ಯಾಹ್ನಕ್ಕೆ ಯಾವ ವಸ್ತುಸಂಗ್ರಹಾಲಯದ ಟಿಕೆಟ್ಟನ್ನೂ ಅವರು ಮಾಡಲಿಲ್ಲ. ಖಾಲಿ ಬಿಟ್ಟ ಆ ಮಧ್ಯಾಹ್ನದ ಬೆಲೆ ರೈಲು ನಿಧಾನಕ್ಕೆ ಸಾಗುವಾಗ ಚೆನ್ನಾಗಿ ತಿಳಿಯಿತು.

ಇನ್ನೊಂದು ಜಾಣ್ಮೆಯನ್ನೂ ಹೇಳಬೇಕು. ಷೆಂಗೆನ್ ವೀಸಾ ಅರ್ಜಿಯ ಜೊತೆ ಪ್ರವಾಸದ ವಿವರ ಕೊಡಬೇಕಾಗುವುದರಿಂದ ಬಹಳ ಮಂದಿ ರೈಲು ಟಿಕೆಟ್‌ಗಳನ್ನು ಆತುರದಿಂದ ಕೊಂಡುಬಿಡುತ್ತಾರೆ. ಕಾಮಗಾರಿ ಇರುವ ದಿನಗಳ ವೇಳಾಪಟ್ಟಿಯಾದರೋ ತಡವಾಗಿ ಅಂತಿಮವಾಗುತ್ತದೆ, ಅಲ್ಲಿಯವರೆಗೆ ಮಾರಾಟಕ್ಕೆ ಕಾಣುವ ರೈಲುಗಳೂ ಕಡಿಮೆ. ನಮ್ಮ ಅರ್ಜಿಗೆ ವಿಮಾನ, ಹೋಟೆಲ್ ಮತ್ತು ದಿನವಾರು ವಿವರವನ್ನಷ್ಟೇ ಜೋಡಿಸಿ, ರೈಲು ಟಿಕೆಟ್‌ಗಳನ್ನು ವೇಳಾಪಟ್ಟಿ ಬಂದ ಮೇಲೆ ಕೊಂಡರು. ಪ್ರಾದೇಶಿಕ ರೈಲುಗಳ ದರ ನಿಗದಿಯಾಗಿರುವುದರಿಂದ ಅವುಗಳಿಗೆ ಮುಂಗಡದ ಅಗತ್ಯವೇ ಇಲ್ಲವೆಂದರು. ಕಾಗದದ ಟಿಕೆಟ್ಟಾದರೆ ಹತ್ತುವ ಮೊದಲು ಯಂತ್ರದಲ್ಲಿ ಮುದ್ರೆ ಒತ್ತಿಸಬೇಕು, ಮೊಬೈಲಿನಲ್ಲಿ ಕೊಂಡದ್ದಾದರೆ ಚೆಕ್-ಇನ್ ಮಾಡಬೇಕು ಎಂಬುದನ್ನು ಕನ್ನಡದಲ್ಲೇ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿ ಕೊಟ್ಟಿದ್ದರು. ಆ ಹಾಳೆಯಲ್ಲಿ ರೈಲಿನ ಸಂಖ್ಯೆಯ ಪಕ್ಕದಲ್ಲಿ ‘ಕಾಮಗಾರಿ’ ಎಂಬ ಪ್ರತ್ಯೇಕ ಅಂಕಣವೇ ಇತ್ತು.

ಇನ್ನು ದೂರುಗಳು. ಫ್ರೆಚ್ಚಾರೊಸ್ಸಾ ಎಂಬ ಅತಿವೇಗದ ರೈಲಿಗೆ ಅವರು ಕೊಂಡದ್ದು ಅತ್ಯಂತ ಅಗ್ಗದ ದರದ ಟಿಕೆಟ್ಟು. ಅದರಲ್ಲಿ ಬದಲಾವಣೆಗೆ ಅವಕಾಶವಿಲ್ಲವೆಂಬುದನ್ನು ನಮಗೆ ಹೇಳಲಿಲ್ಲ. ಸಮಯ ಬದಲಿಸಿಕೊಳ್ಳಬಹುದಾದ ಮೂಲದರದ ಟಿಕೆಟ್ಟೂ ಇತ್ತು. ಬೇರೆ ತಿಂಗಳಲ್ಲಾದರೆ ಅಗ್ಗದ್ದೇ ಸಾಕು, ಆದರೆ ಹಳಿಗಳ ಕೆಲಸ ನಡೆಯುವಾಗ ಕೆಲವು ಯೂರೋ ಉಳಿಸಲು ಆ ಸ್ವಾತಂತ್ರ್ಯವನ್ನು ಬಿಟ್ಟುಕೊಡುವುದು, ಅದೂ ನಮ್ಮನ್ನು ಕೇಳದೆ, ಸರಿಯಲ್ಲ. ಫ್ಲಾರೆನ್ಸ್‌ನ ಟಿಕೆಟ್ಟು ಕಾಂಪೊ ದಿ ಮಾರ್ತೆ ನಿಲ್ದಾಣದ್ದಾಗಿದ್ದರೂ ಹಾಳೆಯಲ್ಲಿ ಬರೀ ‘ಫ್ಲಾರೆನ್ಸ್’ ಎಂದಿತ್ತು. ನಮ್ಮ ಹೋಟೆಲ್ ಇದ್ದದ್ದು ಊರ ನಡುವಿನ ಸಾಂತಾ ಮಾರಿಯಾ ನೊವೆಲ್ಲಾ ನಿಲ್ದಾಣದ ಬಳಿ. ಅಷ್ಟು ಅಂಕಣಗಳ ಹಾಳೆ ಮಾಡುವವರಿಗೆ ಇನ್ನೆರಡು ಪದ ಭಾರವಾಗಬಾರದಿತ್ತು.

ಪರಿಹಾರದ ವಿಷಯದಲ್ಲಿಯೂ ಅವರ ವಿವರಣೆ ಅರ್ಧಕ್ಕೇ ನಿಂತಿತ್ತು. ಐರೋಪ್ಯ ಒಕ್ಕೂಟದ ನಿಯಮದಂತೆ 60ರಿಂದ 119 ನಿಮಿಷ ತಡವಾದರೆ ಟಿಕೆಟ್ ದರದ ಶೇ. 25, 120 ನಿಮಿಷ ಅಥವಾ ಹೆಚ್ಚಾದರೆ ಶೇ. 50 ಮರಳಿ ಸಿಗುತ್ತದೆ ಎಂದಿದ್ದರು, ಅದು ಸರಿ. ಟಿಕೆಟ್ ಕೊಳ್ಳುವ ಮೊದಲೇ ತಿಳಿಸಲಾದ ವಿಳಂಬಕ್ಕೆ ಈ ಹಕ್ಕು ಇಲ್ಲ ಎಂಬ ಉಳಿದರ್ಧವನ್ನು ಹೇಳಲಿಲ್ಲ. ಕಾಮಗಾರಿಗಾಗಿ ವೇಳಾಪಟ್ಟಿಯಲ್ಲೇ ಸೇರಿಸಿದ ಹೆಚ್ಚುವರಿ ಸಮಯ ಲೆಕ್ಕಕ್ಕೆ ಬರುವುದಿಲ್ಲ. ನಮೂದಾದ ಸಮಯಕ್ಕಿಂತಲೂ ತಡವಾದರೆ ಮಾತ್ರ ಕೇಳಬಹುದು.

ಪ್ರವಾಸದ ನಡುವಿನ ಸಹಾಯ ಹೆಸರಿಗಷ್ಟೇ ಇದೆ. ಕಚೇರಿ ಸಂಜೆ ಎಂಟಕ್ಕೆ ಮುಚ್ಚುತ್ತದೆ. ಬೇಸಿಗೆಯಲ್ಲಿ ಇಟಲಿ ನಮಗಿಂತ ಮೂರೂವರೆ ಗಂಟೆ ಹಿಂದಿರುವುದರಿಂದ ಅಲ್ಲಿ ಆಗ ಇನ್ನೂ ನಾಲ್ಕೂವರೆ. ಸಂಜೆಯ ರೈಲಿನ ಬಗ್ಗೆ ಕಳಿಸಿದ ವಾಟ್ಸ್ಆ್ಯಪ್ ಸಂದೇಶಕ್ಕೆ ಮರುದಿನ ವಿನಯದ ಉತ್ತರ ಬಂತು.

ಏಪ್ರಿಲ್‌ನಲ್ಲೋ ಅಕ್ಟೋಬರ್‌ನಲ್ಲೋ ಹೋಗುವವರು ಈ ಸೇವಾಶುಲ್ಕವನ್ನು ಕೊಡಬೇಕಾಗಿಲ್ಲ; ಅಲ್ಲಿನ ರೈಲು ಸಂಸ್ಥೆಗಳಾದ ಟ್ರೆನಿಟಾಲಿಯಾ ಅಥವಾ ಇಟಾಲೊದ ಆ್ಯಪ್‌ನಲ್ಲಿ ತಾವೇ ಟಿಕೆಟ್ ಮಾಡಬಹುದು. ಜುಲೈ–ಆಗಸ್ಟ್‌ನಲ್ಲಿ ಹೋಗುವವರಿಗೆ, ವಿಶೇಷವಾಗಿ ಹಿರಿಯರನ್ನು ಕರೆದೊಯ್ಯುವವರಿಗೆ, ಈ ಕಚೇರಿಗೆ ಹೋಗಿ ಎಂದೇ ಹೇಳುತ್ತೇನೆ. ಹಣ ಕಟ್ಟುವ ಮುನ್ನ ಪ್ರತಿ ಟಿಕೆಟ್ಟಿನ ದರದ ಬಗೆಯನ್ನೂ ನಿಲ್ದಾಣದ ಪೂರ್ಣ ಹೆಸರನ್ನೂ ಹಾಳೆಯಲ್ಲಿ ಬರೆಸಿಕೊಳ್ಳಿ. ಕೇಳಿದರೆ ಬೇಸರವಿಲ್ಲದೆ ಬರೆದುಕೊಡುತ್ತಾರೆ.